ಮಡಿಯಲ್ಲಿ ಸ್ಟೇರಿಂಗ್ ಹಿಡಿದ ಅತ್ತೆ

ಕುರುಗೋಡು ರಸ್ತೆಯಲ್ಲಿ ಎದುರಿನಿಂದ ಬಂದ ಕಾರನ್ನು ನೋಡಿ ನಾನು ಸ್ಕೂಟರನ್ನು ಬದಿಗೆ ನಿಲ್ಲಿಸಿಬಿಟ್ಟೆ. ಡ್ರೈವಿಂಗ್ ಸ್ಕೂಲಿನ ಕಾರು. ಸ್ಟೇರಿಂಗ್ ಹಿಡಿದು ಕೂತವಳು ನನ್ನ ಸೋದರತ್ತೆ. ಅರವತ್ತೈದು ದಾಟಿದ ಹೆಂಗಸು. ಬಳ್ಳಾರಿ ಗಾಂಧಿನಗರದ ನಮ್ಮ ಮನೆಯಲ್ಲಿ ಪೂಜೆ ಮುಗಿಯುವ ತನಕ ಯಾರನ್ನೂ ಹತ್ತಿರ ಸುಳಿಯಗೊಡದ ಮಡಿಯವಳು. ನನ್ನ ಕಡೆ ನೋಡಲೂ ಇಲ್ಲ, ಹಾರನ್ ಹೊಡೆದು ಮುಂದೆ ಹೋದಳು.

ಮನೆಗೆ ಬಂದು ಕೂಗಾಡಿದೆ. "ಈ ವಯಸ್ಸಿನಾಗ ಏನಿದು? ನಾಕು ಮಂದಿ ಏನಂದಾರು?"

"ಆ ನಾಕು ಮಂದಿಗೆ ಗಾಡಿ ಹೊಡೀಲಿಕ್ಕೆ ಬರ್ತದೇನು?" ಅಂದಳು, ಹೂಬತ್ತಿ ಹೊಸೆಯುತ್ತ.

ಕಾರಣ ಕೇಳಿದ ಮೇಲಂತೂ ದಂಗಾದೆ. ಸಿರುಗುಪ್ಪದ ಆಚೆಯ ರಾರಾವಿಯಲ್ಲಿ ಹೊಳೆ ನೀರು ತುಂಬಿ, ಯಾರೂ ಮುಟ್ಟದಂತೆ ತಂದು, ಮನೆ ದೇವರಿಗೆ ಅಭಿಷೇಕ ಮಾಡಬೇಕೆಂಬುದು ಅವಳ ಬಹುದಿನದ ಆಸೆ. ಬಸ್ಸಿನಲ್ಲಿ ತಂದರೆ ಸಿರುಗುಪ್ಪ ಬರುವುದರೊಳಗೆ ಹತ್ತು ಜನ ತಾಗಿ ಕೊಡವೂ ಮೈಲಿಗೆ, ಅವಳೂ ಮೈಲಿಗೆ. ನಾನೇ ಕಾರಿನಲ್ಲಿ ಕರೆದೊಯ್ಯುತ್ತೇನೆಂದರೆ, ಕಂಡಕಂಡಲ್ಲಿ ಚಹಾ ಕುಡಿಯುವ ನನ್ನ ಕೈ ಗೇರ್ ಹಾಕುವಾಗ ಕೊಡಕ್ಕೆ ತಾಗೀತಂತೆ. ಅದಕ್ಕೆ ತಾನೇ ಕಲಿತಳಂತೆ. ಮಡಿಗಾಗಿ ಡ್ರೈವಿಂಗ್ ಕಲಿತವರು ಬಳ್ಳಾರಿಯಲ್ಲಿ ಇನ್ನೊಬ್ಬರಿದ್ದರೆ ನನಗೆ ತೋರಿಸಿ.

ಕಲಿಯುವ ಹುಚ್ಚು ಅವಳಿಗೆ ಹೊಸದಲ್ಲ. ನಾಲ್ಕನೇ ತರಗತಿಗೇ ಶಾಲೆ ಬಿಡಿಸಿದ್ದರು. ಗಂಡ ತೀರಿಕೊಂಡು ತವರಿಗೆ ಬಂದ ಮೇಲೆ, ನಲವತ್ತರ ಹತ್ತಿರ, ನನ್ನ ಜೊತೆ ಕೂತು ಬೀಜಗಣಿತ ಕಲಿತಳು. ಪರೀಕ್ಷೆ ನನಗೆ, ಲೆಕ್ಕ ಬಿಡಿಸುವ ಖುಷಿ ಅವಳಿಗೆ. ಡಿಗ್ರಿ ಮುಗಿದದ್ದೇ ನಾನು ಪುಸ್ತಕ ಕಟ್ಟಿ ಅಟ್ಟಕ್ಕೆ ಹಾಕಿದೆ. ಆಮೇಲೆ ಅವಳಿಗೆ ಕಲಿಯಲು ಏನೂ ಸಿಕ್ಕಿರಲಿಲ್ಲ.

ಲೈಸೆನ್ಸ್ ಬಂದ ಮೇಲೆ ಒಂದು ಬೆಳಿಗ್ಗೆ ನನ್ನ ಹಳೇ ಕಾರಿನ ಸೀಟಿಗೆ ಉಣ್ಣೆಯ ಧಾಬಳಿ ಹಾಸಿ ಹೊರಟೇಬಿಟ್ಟಳು. ಉಣ್ಣೆಗೆ ಮೈಲಿಗೆ ತಟ್ಟುವುದಿಲ್ಲವಂತೆ. ನಾನು ಹಿಂದಿನ ಸೀಟಿನ ಮೂಲೆಯಲ್ಲಿ ಕೈಕಾಲು ಮುದುರಿ, ಜೀವ ಕೈಯಲ್ಲಿ ಹಿಡಿದು ಕೂತಿದ್ದೆ. ರಾರಾವಿಯಲ್ಲಿ ಹೊಳೆಗಿಳಿದು ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ ತಾಮ್ರದ ಕೊಡ ತುಂಬಿದಳು. ಮುಂದಿನ ಸೀಟು ಕೊಡಕ್ಕೆ ಮೀಸಲಾಯಿತು.

ವಾಪಸ್ಸು ಬರುವಾಗ ಸಿರುಗುಪ್ಪ ದಾಟಿ ಸ್ವಲ್ಪ ದೂರಕ್ಕೆ ಬಾನೆಟ್ಟಿನಿಂದ ಹಬೆ ಎದ್ದಿತು. ರೇಡಿಯೇಟರಿನಲ್ಲಿ ನೀರಿರಲಿಲ್ಲ. ಇಂಜಿನ್ ತಣ್ಣಗಾಗಲೆಂದು ಕಾದೆವು. ಪಕ್ಕದ ಭತ್ತದ ಗದ್ದೆಯ ಆಚೆಗೇ ಕಾಲುವೆ ತುಂಬಿ ಹರಿಯುತ್ತಿತ್ತು. "ತಡಿ, ಕಾಲುವಿ ನೀರು ತರ್ತೀನಿ" ಎಂದು ನಾನು ಡಿಕ್ಕಿಯಲ್ಲಿ ಡಬ್ಬಿ ಹುಡುಕಿದೆ. ಡಬ್ಬಿ ಹಿಡಿದು ಮುಂದೆ ಬಂದರೆ, ಅತ್ತೆ ಹೊಳೆ ನೀರಿನ ಕೊಡ ಎತ್ತಿ ರೇಡಿಯೇಟರಿಗೆ ಸುರಿಯುತ್ತಿದ್ದಳು.

ಅಷ್ಟು ದಿನದ ಆಸೆ, ಅಷ್ಟು ಮಡಿ, ಎಲ್ಲ ಇಂಜಿನ್ ಪಾಲು. ಸಿಟ್ಟು ಬಂತು.

"ಅತ್ತಿ, ಕಾಲುವಿ ಅಲ್ಲೇ ಅದಲ್ಲ, ಕಾಣಲಿಲ್ಲೇನು?"

"ಕಂಡದ," ಎಂದಳು. ಉಳಿದ ನೀರನ್ನೂ ನಿಧಾನಕ್ಕೆ ಬಗ್ಗಿಸಿದಳು. ಸೆರಗು ಸೊಂಟಕ್ಕೆ ಸಿಗಿಸಿ, ಧಾಬಳಿ ಸರಿಮಾಡಿ, ಸ್ಟೇರಿಂಗ್ ಮುಂದೆ ಕೂತಳು.

"ಈ ನೀರು ಮನಿ ಮುಟ್ಟಿಬಿಟ್ರ, ನಾನು ಮತ್ತ ಗಾಡಿ ತಗೊಂಡು ಎಲ್ಲಿಗೆ ಹೋಗ್ಲಿ?"