ದೇವರ ಪಟದಿಂದ ಕಿತ್ತ ಕಾರ್ಡು

ಕೋವಿಡ್ ಮುಗಿದ ಮರುವರ್ಷ. ಆಗ ನಾನು ಒಂದು ಖಾಸಗಿ ಹಾಲಿನ ಕಂಪನಿಯಲ್ಲಿ ಪಶುವೈದ್ಯ. ಕಂಪನಿಯ ಹೆಸರು ಬೇಡ, ಹೇಳಿದರೆ ಬಾಯಿ ಹೊಲಸಾಗುತ್ತದೆ. ಮನೆ ಮಂಡ್ಯದ ಗುತ್ತಲಿನಲ್ಲಿ, ಕೆಲಸ ಮಳವಳ್ಳಿ ಕಡೆಯ ಇಪ್ಪತ್ತೆಂಟು ಹಳ್ಳಿಗಳಲ್ಲಿ. ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹೆಂಡತಿ ಹೇಳುತ್ತಾಳೆ, ನಿಜ. ಅದು ಬಂದಷ್ಟೇ ಬೇಗ ಇಳಿಯುತ್ತದೆ. ಈ ಒಂದು ವಿಷಯದಲ್ಲಿ ಮಾತ್ರ ಇನ್ನೂ ಇಳಿದಿಲ್ಲ.

ಕೆಲಸಕ್ಕೆ ಸೇರಿದಾಗಿನಿಂದ ನಾನು ರೈತರಿಗೆ ವಿಸಿಟಿಂಗ್ ಕಾರ್ಡು ಕೊಡುತ್ತಿದ್ದೆ. ಅಚ್ಚು ಹಾಕುತ್ತಿದ್ದವರು ಮದ್ದೂರಿನ ಪ್ರೆಸ್ಸಿನ ರಫೀಕ್ ಸಾಬರು. ಮೊದಲ ಸಲ ನನ್ನ ಡಿಗ್ರಿಗಳನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಓದಿ ನಕ್ಕುಬಿಟ್ಟರು.

"ಹೆಸ್ರು ಸಣ್ಣದಾಗೇ ಇರ್ಲಿ ಸಾರ್, ನಂಬರ್ ದಪ್ಪ ಇರ್ಲಿ. ಹಸು ಬಿದ್ದು ಒದ್ದಾಡ್ತಿದ್ರೆ ನಿಮ್ ಡಿಗ್ರಿ ಓದ್ಕಂಡ್ ಕೂತ್ಕೊಳಕ್ಕಾಯ್ತದಾ?"

ಕೊನೆಗೆ ಅರ್ಧ ಕಾರ್ಡಿನ ತುಂಬ ಫೋನ್ ನಂಬರು, ಓದಲು ಬಾರದವರಿಗೆ ಗುರುತಾಗಲೆಂದು ಮೂಲೆಯಲ್ಲಿ ಒಂದು ಹಸುವಿನ ಚಿತ್ರ, ಕೆಳಗೆ ಇರುವೆ ಸಾಲಿನಂತೆ ನನ್ನ ಹೆಸರು.

ಆ ಹಳ್ಳಿಗಳಲ್ಲಿ ಕಾರ್ಡು ಪರ್ಸಿಗೆ ಹೋಗುವುದಿಲ್ಲ. ದೇವರ ಪಟದ ಚೌಕಟ್ಟಿಗೆ ಸಿಕ್ಕಿಸುತ್ತಾರೆ. ಮುತ್ತತ್ತಿ ಆಂಜನೇಯನ ಪಟದ ಮೂಲೆಯಲ್ಲಿ ನನ್ನ ನಂಬರು, ಊದುಬತ್ತಿ ಹೊಗೆಗೆ ಹಳದಿ ತಿರುಗಿ, ಅರಿಶಿನ ಕುಂಕುಮವನ್ನೂ ಮೆತ್ತಿಸಿಕೊಂಡಿರುತ್ತಿತ್ತು. ಹಸುವಿಗೆ ಏನಾದರೂ ಆದರೆ ಹೆಂಗಸರು ಅದನ್ನು ತೆಗೆದು ಫೋನು ಬಲ್ಲವರ ಕೈಗಿಟ್ಟು "ಇದ್ಕೊಂದ್ ಒತ್ತಪ್ಪ" ಎನ್ನುವರು. ಅಷ್ಟೇ ವ್ಯವಸ್ಥೆ. ಅದು ಯಾರಿಗೂ ಕೈಕೊಟ್ಟಿದ್ದು ನನಗೆ ನೆನಪಿಲ್ಲ.

ಆ ವರ್ಷ ಹೆಡ್ಡಾಫೀಸಿನಿಂದ ಹೊಸ ಮ್ಯಾನೇಜರು ಬಂದರು. ಮಂಡ್ಯದಲ್ಲಿ ಮೀಟಿಂಗು. "ಡಾಕ್ಟ್ರೇ, ಯಾವ ಕಾಲದಲ್ಲಿದ್ದೀರಿ? ಇನ್ನೂ ಕಾರ್ಡ್ ಹಂಚ್ತೀರಾ?" ಎಂದು ಎಲ್ಲರೆದುರು ಕೇಳಿದರು. ಇನ್ನು ಮುಂದೆ ಪ್ರತಿ ಡೈರಿಯ ಗೋಡೆಗೂ ಒಂದು ಕ್ಯೂಆರ್ ಸ್ಟಿಕ್ಕರು. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ಆಪ್ ತೆರೆದುಕೊಳ್ಳುತ್ತದೆ, ಅದರಲ್ಲಿ ಹಸುವಿನ ವಿವರ ತುಂಬಿದರೆ ಡಾಕ್ಟರಿಗೆ ಸಂದೇಶ ಹೋಗುತ್ತದೆ. ಅಲ್ಲಿಗೂ ಸರಿ. ಆದರೆ ರೈತರು ನೇರವಾಗಿ ನನಗೆ ಫೋನು ಮಾಡಿದರೆ ಅದು ಆಪಿನ ಲೆಕ್ಕಕ್ಕೆ ಸಿಗುವುದಿಲ್ಲವಂತೆ. ಆದ್ದರಿಂದ ಹಂಚಿದ ಕಾರ್ಡುಗಳನ್ನೆಲ್ಲ ವಾಪಸ್ ತರಬೇಕಂತೆ!

ನಾನು ಎದ್ದು ನಿಂತು ಜಗಳ ಮಾಡಬೇಕಿತ್ತು. ಮನೆಯಲ್ಲಿ ಹೆಂಡತಿಯ ಮೇಲೆ, ರಸ್ತೆಯಲ್ಲಿ ಬಸ್ ಡ್ರೈವರುಗಳ ಮೇಲೆ ಹಾರಾಡುವ ನನ್ನ ಕೋಪ ಅವತ್ತು ಎಲ್ಲಿ ಸತ್ತಿತ್ತೋ! ಎರಡು ವರ್ಷ ಕಳೆದರೆ ಸಾಕು ಎಂದು "ಹೂಂ ಸಾರ್" ಅಂದೆ.

ಮಾರನೆಯ ವಾರದಿಂದ ಮನೆಮನೆಗೆ ಹೋಗಿ ಕಾರ್ಡು ಕೇಳತೊಡಗಿದೆ. ಒಂದು ಹಳ್ಳಿಯಲ್ಲಿ ಜಯಮ್ಮ ಎಂಬ ಹೆಂಗಸು ಗೌರಿ ಎಂಬ ಕಡಸನ್ನು ಸಾಕಿದ್ದಳು. ಕರುವಾಗಿದ್ದಾಗಿನಿಂದ ಸಾಕಿದ್ದು, ಈಗ ಏಳು ತಿಂಗಳ ಗಬ್ಬ, ಚೊಚ್ಚಲು. ಹೆಣ್ಣುಗರು ಹಾಕಿದರೆ ಕೊಟ್ಟಿಗೆ ತುಂಬುತ್ತದೆ ಎಂದು ಕಾದಿದ್ದಳು. ಅವಳಿಗೆ ಪಟ ಎಟುಕಲಿಲ್ಲ. ನಾನೇ ಕೈಚಾಚಿ ಕಾರ್ಡು ಕಿತ್ತುಕೊಂಡೆ.

"ನಾಳೆ ಇದು ಕರ ಹಾಕೋವಾಗ ಯಾರ್ನ್ ಕರೀಲಿ ಡಾಕ್ಟ್ರೇ?" ಎಂದಳು.

"ಡೈರಿ ಗೋಡೇಲಿ ಐತಲ್ಲಮ್ಮ, ಸ್ಕ್ಯಾನ್ ಮಾಡ್ಸು."

ಪಕ್ಕದ ಮನೆಯ ನಿಂಗಮ್ಮ, ಎಪ್ಪತ್ತು ದಾಟಿದ ಮುದುಕಿ, ನನ್ನನ್ನು ಜಗಲಿಯಿಂದಲೇ ಅಟ್ಟಿದಳು. "ಕೊಡಾಕಿಲ್ಲ ಓಗಪ್ಪ. ಕೊಟ್ಟಿದ್ದ ವಾಪಸ್ ಕೇಳ್ತಾರಾ ಯಾರಾದ್ರೂವೆ? ಮಾನ ಇಲ್ವಾ ನಿಂಗೆ?"

ಎರಡು ತಿಂಗಳು ಕಳೆದಿರಬೇಕು. ಒಂದು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಫೋನು ಬಡಿದುಕೊಂಡಿತು. ನಿಂಗಮ್ಮ. "ಗೌರಿ ನೆನ್ನೆ ಒತ್ತಾರೆಯಿಂದ ಒದ್ದಾಡ್ತಾ ಅದೆ. ಎಲ್ಲಿ ಸತ್ತೋಗಿದ್ದೀಯಾ ನೀನು?" ನಾನು ಬೈಕು ಹತ್ತಿದೆ. ಒಂದು ಗಂಟೆಯ ದಾರಿ.

ಹಸು ಗೋಡೆಗೊರಗಿ ನಿಂತಿತ್ತು, ಕಣ್ಣು ಗುಳಿಬಿದ್ದಿತ್ತು. ಕೈ ಹಾಕಿ ನೋಡಿದೆ. ಯುಟರೈನ್ ಟಾರ್ಶನ್. ಎಂದರೆ ಗರ್ಭಕೋಶವೇ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡಿರುತ್ತದೆ, ಕರು ಹೊರಬರಲು ದಾರಿ ಮುಚ್ಚಿಹೋಗಿರುತ್ತದೆ. ಐದಾರು ಗಂಟೆಯೊಳಗೆ ಹೋಗಿದ್ದರೆ ತಾಯಿ, ಕರು ಎರಡೂ ಉಳಿಯುವ ಸಾಧ್ಯತೆ ಚೆನ್ನಾಗಿರುತ್ತಿತ್ತು. ಆಗಲೇ ಇಪ್ಪತ್ತೆಂಟು ಗಂಟೆ ಕಳೆದಿತ್ತು.

ಹಸುವನ್ನು ಬಲ ಮಗ್ಗುಲಿಗೆ ಕೆಡವಿಸಿದೆ. ಹೊಟ್ಟೆಯ ಮೇಲೆ ಉದ್ದನೆಯ ಹಲಗೆ ಇಟ್ಟು, ಅದರ ಮೇಲೊಬ್ಬರನ್ನು ನಿಲ್ಲಿಸಿ, ಕಾಲಿಗೆ ಕಟ್ಟಿದ ಹಗ್ಗ ಎಳೆದು ಹಸುವನ್ನು ನಿಧಾನಕ್ಕೆ ಉರುಳಿಸಬೇಕು. ಒಳಗಿನ ಕರು ಹಲಗೆಯ ಒತ್ತಡಕ್ಕೆ ನಿಂತಲ್ಲೇ ನಿಲ್ಲುತ್ತದೆ, ತಾಯಿ ತಿರುಗುತ್ತಾಳೆ, ಗಂಟು ಬಿಚ್ಚುತ್ತದೆ. ಮೂರನೆಯ ಸಲಕ್ಕೆ ಬಿಚ್ಚಿತು. ಮುಂಗಾಲು ಸಿಕ್ಕಿತು, ಎಳೆದೆವು. ಕರು ಸತ್ತಿತ್ತು. ಹೆಣ್ಣುಗರು, ಹಣೆಯಲ್ಲಿ ಬಿಳಿ ಬೊಟ್ಟು. ಗೌರಿ ಅದನ್ನು ನೆಕ್ಕಿದ್ದೇ ನೆಕ್ಕಿದ್ದು. ಜಯಮ್ಮ ಅತ್ತ ತಿರುಗಿ ನಿಂತಳು.

ಕೈ ತೊಳೆಯುತ್ತ ನಾನು ರೇಗಿದೆ. "ನಿನ್ನೆಯಿಂದ ಏನ್ ಮಾಡ್ತಿದ್ರಿ? ಯಾಕೆ ಹೇಳಿ ಕಳಿಸ್ಲಿಲ್ಲ?"

ಹಲಗೆಯ ಮೇಲೆ ನಿಂತಿದ್ದ ಎದುರು ಮನೆಯ ಸ್ವಾಮಿ ತಲೆ ಕೆರೆದುಕೊಂಡ. "ನಾನೇ ಸಾ ಸ್ಕ್ಯಾನ್ ಮಾಡಿದ್ದು. ಮೊದ್ಲು ಒಂದ್ ಸ್ಟಿಕ್ಕರ್‌ಗೆ ಇಡಿದೆ, ತಗಳ್ಳಿಲ್ಲ. ಪಕ್ಕದ್ದಕ್ಕೆ ಇಡಿದೆ, ಕಂಪ್ನಿ ಎಸ್ರೇ ಬತ್ತು. ಡಾಕ್ಟ್ರು ಪೀಸು ಅಂದ್ಕಂಡು ನೂರ್ರೂಪಾಯಿ ಕಟ್ಟಿವ್ನಿ. ಅಸ್ರು ಟಿಕ್ಕೂ ಬತ್ತಲ್ಲ!"

ಡೈರಿಗೆ ಹೋಗಿ ನೋಡಿದೆ. ಗೋಡೆಯ ಮೇಲೆ ಎರಡು ನೀಲಿ ಸ್ಟಿಕ್ಕರು, ಅಕ್ಕಪಕ್ಕ, ಒಂದೇ ಅಳತೆ. ಒಂದು ಡಾಕ್ಟರನ್ನು ಕರೆಯಲು, ಇನ್ನೊಂದು ಪಶು ಆಹಾರದ ಮೂಟೆಗೆ ದುಡ್ಡು ಕಟ್ಟಲು. ಹಳ್ಳಿಯಲ್ಲಿ ಕ್ಯೂಆರ್ ಎಂದರೆ ದುಡ್ಡು ಕಟ್ಟುವುದು, ಬೇರೆ ಅರ್ಥವೇ ಇಲ್ಲ. ಅವನು ದುಡ್ಡಿನ ಆಪಿನಲ್ಲೇ ಸ್ಕ್ಯಾನ್ ಮಾಡಿದ್ದ. ದುಡ್ಡು ಹೋಯಿತು, ಹಸಿರು ಗುರುತು ಬಂತು, ಡಾಕ್ಟರು ಹೊರಟಿದ್ದಾನೆ ಎಂದು ನಂಬಿ ಹಗಲೂ ರಾತ್ರಿ ಹಸುವಿನ ಪಕ್ಕ ಕಾದು ಕೂತಿದ್ದರು. ಮದ್ದೂರಿಗೆ ಮಗಳ ಮನೆಗೆ ಹೋಗಿದ್ದ ನಿಂಗಮ್ಮ ಭಾನುವಾರ ಬೆಳಗಿನ ಬಸ್ಸಿಗೆ ಬಂದು, ಎಲೆಅಡಿಕೆ ಚೀಲದಿಂದ ಕಾರ್ಡು ತೆಗೆದಿರದಿದ್ದರೆ ಗೌರಿಯೂ ಹೋಗುತ್ತಿತ್ತು.

ವಾಪಸ್ ಬಂದಾಗ ಜಯಮ್ಮ ಅವತ್ತು ಮೊದಲ ಸಲ ನನ್ನ ಮುಖ ನೋಡಿದಳು. "ನಿಮ್ ನಂಬ್ರ ಪಟ್ದಲ್ಲೇ ಇತ್ತಲ್ಲ. ನೀವೇ ಅಲ್ವಾ ಕಿತ್ಕಂಡ್ ಓದವ್ರು?"



ತಿಂಗಳ ಕೊನೆಯ ಮೀಟಿಂಗಿನಲ್ಲಿ ಮ್ಯಾನೇಜರು ಪರದೆಯ ಮೇಲೆ ಪಟ್ಟಿ ತೋರಿಸಿದರು. ಜಯಮ್ಮನ ಹಳ್ಳಿಯ ಮುಂದೆ ತುರ್ತು ಕರೆ ಸೊನ್ನೆ. "ನೋಡಿ, ಆರೋಗ್ಯ ಎಷ್ಟು ಸುಧಾರಿಸಿದೆ" ಎಂದು ಖುಷಿಪಟ್ಟರು. ನನಗೆ ಅಡಿಯಿಂದ ಮುಡಿವರೆಗೆ ಉರಿದುಹೋಯಿತು. ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿದೆ. ಅವರು "ರೈತರಿಗೆ ಅರಿವು ಮೂಡಿಸೋದು ನಿಮ್ಮ ಕೆಲಸ ಅಲ್ವಾ ಡಾಕ್ಟ್ರೇ?" ಎಂದರು. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತಂತೆ!

"ಆ ಸೊನ್ನೆ ಆರೋಗ್ಯ ಅಲ್ಲ ಸಾರ್, ಸತ್ತ ಕರು" ಎಂದು ಹೊರಗೆ ಬಂದೆ. ಆಮೇಲೆ ನೋಟೀಸು ಬಂತು. ಬರಲಿ ಎಂದೆ.

ಅವತ್ತು ಮೀಟಿಂಗಿನಿಂದ ನೇರ ಮದ್ದೂರಿಗೆ ಹೋದೆ. ರಫೀಕ್ ಸಾಬರು ಪೂರ್ತಿ ಕಥೆ ಕೇಳಿ ಸಾವಿರ ಕಾರ್ಡು ಅಚ್ಚು ಹಾಕಿದರು. ನಂಬರು ಮೊದಲಿಗಿಂತ ದಪ್ಪವಾಗಿತ್ತು.

ಆಪ್ ಬೇಡ ಎಂದು ನಾನು ಹೇಳುವುದಿಲ್ಲ. ಕಷ್ಟಕಾಲದಲ್ಲಿ ಜನ ಹುಡುಕುವುದು ಒಬ್ಬ ಮನುಷ್ಯನನ್ನು, ಕಾರ್ಡು ಅವನು ಬರುತ್ತೇನೆಂದು ಕೊಟ್ಟ ಮಾತು. ಕೊಟ್ಟ ಮಾತನ್ನು ವಾಪಸ್ ಕೇಳಬಾರದು. ಇಷ್ಟು ಕಲಿಯಲು ನನಗೆ ಒಂದು ಕರು ಬೇಕಾಯಿತು. ಮ್ಯಾನೇಜರ ಮೇಲಿನ ಸಿಟ್ಟು ಒಂದು ಪಾಲಾದರೆ "ಹೂಂ ಸಾರ್" ಎಂದ ನನ್ನ ಮೇಲಿನದು ಮೂರು ಪಾಲು.

ಹೊಸ ಕಾರ್ಡುಗಳಲ್ಲಿ ಮೊದಲನೆಯದನ್ನು ಜಯಮ್ಮನಿಗೆ ಕೊಡಲು ಹೋದೆ. ಅವಳು ಬಹಳ ಹೊತ್ತು ಕೈ ಚಾಚಲಿಲ್ಲ. ಆಮೇಲೆ ತೆಗೆದುಕೊಂಡು ಕೊಟ್ಟಿಗೆಗೆ ಹೋದಳು. ಗೌರಿ ಮೇವು ತಿನ್ನುವ ಗೊಂತಿನ ಪಕ್ಕದ ಕಂಬಕ್ಕೆ, ತನ್ನ ಕೈಗೆ ಎಟುಕುವಷ್ಟು ಎತ್ತರದಲ್ಲಿ ಕಾರ್ಡನ್ನು ಹಿಡಿದು, ಕಲ್ಲಿನಿಂದ ನಾಲ್ಕು ಮೂಲೆಗೂ ಮೊಳೆ ಹೊಡೆದಳು.

"ಇನ್ನೊಂದ್ ಸಲ ಕೇಳ್ಕಂಡ್ ಬಂದ್ರೆ ಕೈ ಮುರ್ದಾಕ್ತೀನಿ" ಎಂದಳು. "ಡಾಕ್ಟ್ರು ಅಂತ ನೋಡಾಕಿಲ್ಲ."