ಗೂಳಿ ಮಾರ್ಕಿನ ಬೂಟು

ರೇಷ್ಮೆಗೂಡು ಬೇಯುವ ವಾಸನೆಯನ್ನು ಇಷ್ಟಪಟ್ಟವರನ್ನು ನಾನು ಕಂಡಿಲ್ಲ. ಶಿಡ್ಲಘಟ್ಟದಲ್ಲಿ ಹುಟ್ಟಿದವರು ಅದನ್ನು ಸಹಿಸಿಕೊಳ್ಳುತ್ತಾರೆ, ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಆ ವಾಸನೆ ಬಂದರೆ ಒಂದು ಮಂಗಳವಾರದ ಮಧ್ಯಾಹ್ನ ನೆನಪಾಗುತ್ತದೆ. ಅಂಗಳದ ಚಪ್ಪರದ ಕೆಳಗೆ ನಾಲ್ಕು ಒಲೆ, ನಾಲ್ಕು ಬಾಣಲೆ, ನಾಲ್ಕು ಚರಕ. ಬಾಣಲೆಯ ಕುದಿನೀರಿನಲ್ಲಿ ಗೂಡುಗಳು ಹೊರಳಾಡುತ್ತಿದ್ದವು. ಅಪ್ಪ ಎಳೆ ಹಿಡಿದು ಕೊಡುತ್ತಿದ್ದ, ಆಳು ಚರಕ ತಿರುಗಿಸುತ್ತಿದ್ದ. ಪಡಸಾಲೆಯಲ್ಲಿ ಅಣ್ಣ ಮುನಿರಾಜ ಸಗಣಿ ಸಾರಿಸಿದ ನೆಲದ ಮೇಲೆ ಬಲಗಾಲು ಊರಿ ನಿಂತಿದ್ದ. ಅಮ್ಮ ಅವನ ಮುಂದೆ ಕುಕ್ಕರಗಾಲಲ್ಲಿ ಕೂತು ಕಡ್ಡಿಪೊರಕೆಯಿಂದ ಕಿತ್ತ ಒಂದು ಕಡ್ಡಿಯನ್ನು ಅವನ ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಇಟ್ಟು, ಉಗುರಿನಿಂದ ಗುರುತು ಮಾಡಿ ಮುರಿದಳು. ಆಗ ಕಾಲಿನ ಅಳತೆ ಅಂದರೆ ಅಷ್ಟೇ. ಯಾರು ಪೇಟೆಗೆ ಹೋಗುತ್ತಾರೋ ಅವರ ಜೇಬಿನಲ್ಲಿ ಕಡ್ಡಿ ಹೋಗುತ್ತಿತ್ತು, ಮರಳಿ ಬರುವಾಗ ಚಪ್ಪಲಿಯೋ ಬೂಟೋ ಬರುತ್ತಿತ್ತು. ನಮ್ಮ ಮನೆಯವರೆಲ್ಲರ ಕಾಲೂ ಅಮ್ಮನ ಕೈಯಲ್ಲೇ ಅಳೆಸಿಕೊಂಡಿದ್ದವು. ಒಮ್ಮೆಯೂ ತಪ್ಪಿರಲಿಲ್ಲ. ಎಲ್ಲವೂ ಸರಿಯಾಗಿದ್ದ ಕೊನೆಯ ದಿನ ಅದು.

ಅಣ್ಣನಿಗೆ ಆಗ ಹದಿನೆಂಟು. ನನಗೆ ಹನ್ನೆರಡು. ಬೆಂಗಳೂರಿನ ದಂಡಿನ ಕಡೆಯಿಂದ ನಮ್ಮ ಸ್ಕೂಲಿಗೆ ವರ್ಗವಾಗಿ ಬಂದಿದ್ದ ಡ್ರಿಲ್ ಮೇಷ್ಟ್ರು ಅವನಿಗೆ ಫುಟ್‌ಬಾಲ್ ಹಚ್ಚಿದ್ದರು. ಅಣ್ಣ ಬರಿಗಾಲಿನಲ್ಲಿ ಆಡುತ್ತಿದ್ದ. ಹುಳಗಳು ಗೂಡು ಕಟ್ಟುವ ತಟ್ಟೆ, ಚಂದ್ರಿಕೆ, ಮುರಿದರೆ ಅದರ ಬಿದಿರು ಸೀಳಿ, ನೂಲು ತೆಗೆದ ಮೇಲೆ ಉಳಿಯುವ ರೇಷ್ಮೆ ಕಸವನ್ನು ಅದಕ್ಕೆ ಸುತ್ತಿ, ಏಟು ತಾಗದಂತೆ ಮೊಳಕಾಲಿನ ಕೆಳಗೆ ಕಟ್ಟಿಕೊಳ್ಳುತ್ತಿದ್ದ. ಕಾಲುಚೀಲವೂ ಇರಲಿಲ್ಲ. ಬನಿಯನ್ನಿನ ಬೆನ್ನಿಗೆ ಇದ್ದಿಲಿನಲ್ಲಿ ಒಂಬತ್ತು ಬರೆದುಕೊಳ್ಳುತ್ತಿದ್ದ, ಆಟ ಮುಗಿಯುವ ಹೊತ್ತಿಗೆ ಬೆವರಿಗೆ ಅದು ಅಳಿಸಿಹೋಗುತ್ತಿತ್ತು. ಅವನ ಕಾಲಿಗೆ ಚೆಂಡು ಸಿಕ್ಕರೆ ಕೆರೆ ಏರಿಯ ಕೆಳಗಿನ ಆ ಮೈದಾನದಲ್ಲಿ ದನ ಕಾಯುವವರೂ ಬಂದು ನಿಲ್ಲುತ್ತಿದ್ದರು. ಇದನ್ನು ನಾನು ತಮ್ಮನಾದ್ದರಿಂದ ಹೇಳುತ್ತಿಲ್ಲ. ಅವನ ಆಟ ನೋಡಿದ ಬೇರೆ ಯಾರಾದರೂ ಈಗ ಸಿಕ್ಕಿದ್ದರೆ ಅವರ ಬಾಯಿಂದಲೇ ಹೇಳಿಸುತ್ತಿದ್ದೆ.

ಬೆಂಗಳೂರಿನ ಒಂದು ಬಟ್ಟೆ ಗಿರಣಿಯವರು ಆಟಗಾರರಿಗೆ ಕೆಲಸ ಕೊಡುತ್ತಾರೆ ಎಂದು ಮೇಷ್ಟ್ರು ಸುದ್ದಿ ತಂದರು. ಮೂರು ವಾರದ ಮೇಲೆ ಭಾನುವಾರ ಚಿಕ್ಕಬಳ್ಳಾಪುರದಲ್ಲಿ ಪಂದ್ಯ, ನೋಡಲು ಗಿರಣಿಯ ಮನುಷ್ಯ ಬರುತ್ತಾನೆ. ಆದರೆ ಗಿರಣಿಯ ತಂಡದಲ್ಲಿ ಬರಿಗಾಲಿನವರಿಗೆ ಜಾಗವಿಲ್ಲ, ಬೂಟು ಹಾಕಿಯೇ ಆಡಿ ತೋರಿಸಬೇಕು. ಅಪ್ಪ ಮೂರು ದಿನ ನೂಲಿನ ದುಡ್ಡಿನ ಲೆಕ್ಕ ಹಾಕಿದ. ನಾಲ್ಕನೆಯ ದಿನ ಬಾಣಲೆಯಿಂದ ತಲೆ ಎತ್ತದೆ, ಈ ಸಲದ ಯುಗಾದಿಗೆ ನಿಮ್ಮಿಬ್ಬರಿಗೂ ಹೊಸ ಬಟ್ಟೆ ಇಲ್ಲ, ಅದರ ಬದಲು ಬೂಟು ಎಂದ. ಆಮೇಲೆ ಅಣ್ಣನ ಕಡೆ ತಿರುಗಿ, "ಒಂದೇ ಸಲ ಕಣೋ. ಅವರು ತಗೊಂಡ್ರೆ ಹೋಗು. ತಗೊಳ್ಲಿಲ್ಲ ಅಂದ್ರೆ ಈ ಬಾಣ್ಲಿ ಮುಂದೆ ಕೂತ್ಕೊ. ಆಮೇಲೆ ಚೆಂಡು ಅನ್ನೋ ಮಾತು ಈ ಮನೇಲಿ ಬರಬಾರದು" ಎಂದ. ಬಾಣಲೆಯ ಮುಂದೆ ಕೂತವರ ಬೆರಳು ನಿಮಗೆ ಗೊತ್ತಿದ್ದರೆ ಅಣ್ಣ ಯಾಕೆ ತಲೆಯಾಡಿಸಿದ ಎಂದು ಹೇಳಬೇಕಾಗಿಲ್ಲ. ಅಪ್ಪನ ಬೆರಳ ತುದಿಗಳು ಬೆಂದು ಬಿಳಿಚಿ ಸೀಳಿದ್ದವು. ಅನ್ನ ಕಲಸುವಾಗ ಸಾರಿನ ಖಾರ ತಾಗಿದರೆ ಅವನು ಕಣ್ಣು ಮುಚ್ಚುತ್ತಿದ್ದ.

ವಾರಕ್ಕೊಮ್ಮೆ ನೂಲು ತೆಗೆದುಕೊಂಡು ಸಣ್ಣ ರೈಲಿನಲ್ಲಿ ಬೆಂಗಳೂರಿಗೆ ಹೋಗುತ್ತಿದ್ದವನು ಚಿಕ್ಕಪ್ಪ. ಅವನು ಒಂದು ಅಂಗಡಿಯ ಚಿತ್ರಗಳಿದ್ದ ಹಾಳೆ ತಂದುಕೊಟ್ಟ. ಅದರಲ್ಲಿ ಎರಡು ಬಗೆಯ ಬೂಟು, ಜಿಂಕೆ ಮಾರ್ಕು ಮತ್ತು ಗೂಳಿ ಮಾರ್ಕು. ಸ್ಕೂಲಿನ ಹುಡುಗರೆಲ್ಲ ಎರಡು ಪಂಗಡವಾದರು. ಬೂಟನ್ನು ಕಣ್ಣಿನಿಂದಲೂ ಕಾಣದವರು ಜಿಂಕೆಯ ತೊಗಲು ಹಗುರ, ಗೂಳಿಯ ಮುಂದುಗಡೆ ಗಟ್ಟಿ ಎಂದು ಜಗಳವಾಡುತ್ತಿದ್ದರು. ಅಣ್ಣನಿಗೆ ಜಿಂಕೆ ಬೇಕಿತ್ತು. ತಾನು ಓಡಿ ಆಡುವವನು, ಹಗುರವಾದದ್ದೇ ಸರಿ ಎನ್ನುತ್ತಿದ್ದ. ನನಗೆ ಗೂಳಿ ಮಾರ್ಕಿನ ಮೇಲೆ ಆಸೆ. ಚಿತ್ರದಲ್ಲಿ ಅದರ ಒಳಗೆ ಕೆಂಪು ಬಟ್ಟೆ ಕಾಣುತ್ತಿತ್ತು, ಪಾದದ ಪಕ್ಕದಲ್ಲಿ ಕೊಂಬು ತಗ್ಗಿಸಿ ನಿಂತ ಗೂಳಿಯ ಅಚ್ಚು ಇತ್ತು. ನಮ್ಮ ಮನೆಯಲ್ಲಿ ಅಣ್ಣನ ಅಂಗಿ, ಚಡ್ಡಿ, ಸ್ಲೇಟು ಎಲ್ಲ ಒಂದು ದಿನ ನನಗೇ ಬರುತ್ತಿದ್ದವು. ಬೂಟೂ ಬರುತ್ತದೆ ಎಂದು ನಾನು ಲೆಕ್ಕ ಹಾಕಿದ್ದೆ. ಊಟ ಬಿಟ್ಟು ಅತ್ತೆ. ಅಣ್ಣ ನಕ್ಕು, "ಗೂಳೀನೇ ತರ್ಲಿ ಬಿಡಮ್ಮ, ನಾಳೆ ಅವನೇ ತಾನೆ ಹಾಕ್ಕೊಳ್ಳೋನು" ಎಂದ. ತನಗೆ ಬೇಕಾದ ಮಾರ್ಕನ್ನು ಅವನು ಹಾಗೆ ಬಿಟ್ಟುಕೊಟ್ಟ.

ಅಲ್ಲಿಗೆ ನಿಲ್ಲಬೇಕಿತ್ತು. ಕಾಲು ಅಳೆದ ಆ ಮಂಗಳವಾರ ಸಂಜೆ ಅಜ್ಜಿ ಎಲೆಅಡಿಕೆ ಕುಟ್ಟುತ್ತಾ, "ನೀಕೆಂದುಕುರಾ, ನಿನಗ್ಯಾಕೋ ಆ ಬೂಟು? ನಿನ್ನ ಕಾಲು ಅಷ್ಟಾಗೋ ಹೊತ್ಗೆ ಅದರ ತೊಗಲು ನಾಯಿ ತಿಂದಿರ್ತೈತೆ" ಎಂದಳು. ಎಲ್ಲರೂ ನಕ್ಕರು. ಕಡ್ಡಿ ಕಿಟಕಿಯ ಹಲಗೆಯ ಮೇಲಿತ್ತು, ಬೆಳಿಗ್ಗೆ ಚಿಕ್ಕಪ್ಪ ಜೇಬಿಗೆ ಹಾಕಿಕೊಳ್ಳಲೆಂದು. ಎಲ್ಲರೂ ಅಂಗಳಕ್ಕೆ ಹೋದಾಗ ನಾನು ಅದನ್ನು ತೆಗೆದು ನನ್ನ ಕಾಲಿನ ಪಕ್ಕ ಇಟ್ಟು ನೋಡಿದೆ. ನನ್ನ ಕಾಲಿಗಿಂತ ಎರಡು ಬೆರಳು ಉದ್ದವಿತ್ತು. ತುದಿಯಿಂದ ಒಂದು ಬೆರಳಗಲ ಮುರಿದು, ಮುರಿದ ತುಂಡನ್ನು ಒಲೆಗೆ ಹಾಕಿದೆ. ಅಣ್ಣನಿಗೆ ಸ್ವಲ್ಪ ಬಿಗಿಯಾಗುತ್ತದೆ, ಬರುವ ವರ್ಷ ನನಗೆ ಸರಿಹೋಗುತ್ತದೆ. ಇಷ್ಟೇ ಯೋಚಿಸಿದ್ದು. ತಿಳಿಯದ ವಯಸ್ಸು ಎಂದು ಬರೆದುಬಿಟ್ಟರೆ ಸುಲಭ. ನನಗೆ ತಿಳಿದಿತ್ತು. ಅದರಿಂದ ಎಷ್ಟು ಕೆಡುತ್ತದೆ ಎಂಬುದು ಮಾತ್ರ ತಿಳಿದಿರಲಿಲ್ಲ.

ಬೂಟು ಬುಧವಾರ ರಾತ್ರಿ ಬಂತು. ಮರುದಿನ ಬೆಳಿಗ್ಗೆ ಅಣ್ಣ ಸ್ನಾನ ಮಾಡಿ, ಬೂಟಿಗೆ ಕುಂಕುಮ ಇಟ್ಟು ಕಾಲು ತೂರಿಸಿದ. ಹಿಮ್ಮಡಿ ಒಳಗೆ ಹೋಗಲೇ ಇಲ್ಲ. ಚಿಕ್ಕಪ್ಪ ಕಡ್ಡಿ ತೆಗೆದು ಬೂಟಿನೊಳಗೆ ಇಟ್ಟು ತೋರಿಸಿದ, ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. "ಏನೋ ಮುನಿರಾಜ, ಎರಡೇ ದಿನದಲ್ಲಿ ಕಾಲು ಬೆಳೆಸ್ಕೊಂಡ್ಯೇನಪ್ಪ?" ಎಂದ. ಅಪ್ಪ ಕಡ್ಡಿ ಇಸಿದುಕೊಂಡು ಅಣ್ಣನ ಕಾಲಿನ ಪಕ್ಕ ಹಿಡಿದ. ಹೆಬ್ಬೆರಳಿನ ಉಗುರು ಪೂರ್ತಿ ಹೊರಗಿತ್ತು. ಅವನು ಅಮ್ಮನ ಕಡೆ ತಿರುಗಿ ಮೆಲ್ಲನೆ, ಆದರೆ ಆಳುಗಳೆಲ್ಲ ಕೇಳುವ ಹಾಗೆ ಹೇಳಿದ: "ಹದಿನೆಂಟು ವರ್ಷ ಸಾಕಿದ ಮಗನ ಕಾಲು ಎಷ್ಟುದ್ದ ಅಂತ ಗೊತ್ತಿಲ್ಲ ನಿಂಗೆ. ಒಂದು ಕಡ್ಡಿ ಮುರಿಯೋಕೆ ಬರಲ್ಲ. ಇನ್ನೇನು ಬರುತ್ತೆ?" ಅಮ್ಮ ಕಡ್ಡಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ತನ್ನ ಕೈಯನ್ನೇ ನೋಡಿಕೊಂಡಳು. ನಾನು ಅವಳಿಂದ ಎರಡು ಮಾರು ದೂರದಲ್ಲಿ ಕಂಬ ಹಿಡಿದು ನಿಂತೇ ಇದ್ದೆ.

ಅಂಗಡಿಯವನು ವಾಪಸು ತೆಗೆದುಕೊಳ್ಳುವುದಿಲ್ಲ ಎಂದೇ ಕೊಟ್ಟಿದ್ದ. ಸಂತೆಬೀದಿಯಲ್ಲಿ ಚಪ್ಪಲಿ ಹೊಲಿಯುವ ಮುದುಕರ ಬಳಿ ಒಯ್ದಾಗ ಅವರು, ಹರಳೆಣ್ಣೆ ಹಚ್ಚಿ ಮರದ ಅಚ್ಚಿನ ಮೇಲೆ ಇಪ್ಪತ್ತು ದಿನ ಬಿಟ್ಟರೆ ಅರ್ಧ ಬೆರಳು ಹಿಗ್ಗೀತು ಎಂದರು. ಪಂದ್ಯಕ್ಕೆ ಉಳಿದಿದ್ದು ಹತ್ತು ದಿನ. ಕೊನೆಗೆ ಅಜ್ಜಿಗೆ ಹೊಳೆಯಿತು, ಅಂಥ ಗಟ್ಟಿ ಗೂಡನ್ನೇ ಮೆತ್ತಗೆ ಮಾಡುವ ನೀರು ತೊಗಲನ್ನು ಬಿಟ್ಟೀತೇ ಎಂದು. ಬಾಣಲೆಯ ನೀರಿಗಿಂತ ದೊಡ್ಡ ಔಷಧ ನಮ್ಮ ಮನೆಯಲ್ಲಿ ಇರಲಿಲ್ಲ. ನಾವು ಅದರಲ್ಲಿ ಹಿಮ್ಮಡಿ ಒಡೆದ ಕಾಲು ಅದ್ದುತ್ತಿದ್ದೆವು, ಒರಟಾದ ಕಂಬಳಿ ನೆನೆಸುತ್ತಿದ್ದೆವು. ಅಪ್ಪ ಬೇಡ ಅನ್ನಲಿಲ್ಲ. ಪಂದ್ಯದ ಹಿಂದಿನ ಗುರುವಾರದವರೆಗೂ ಎಣ್ಣೆ ಹಚ್ಚಿ, ಕಲ್ಲು ತುಂಬಿ, ಹಿಗ್ಗಿಸಲಾಗದೆ, ಆ ಸಂಜೆ ಆರುತ್ತಿದ್ದ ಬಾಣಲೆಯೊಳಗೆ ಬೂಟು ಮುಳುಗಿಸಿದರು. ಬೆಳಿಗ್ಗೆ ತೆಗೆದಾಗ ಅದು ಹಸಿ ರೊಟ್ಟಿಯ ಹಾಗೆ ಮೆತ್ತಗಿತ್ತು. ಅಣ್ಣನ ಕಾಲು ಒಳಗೆ ಹೋಯಿತು. ಅವನು ಅಂಗಳದಲ್ಲಿ ಓಡಿದ, ಅಮ್ಮನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಅಮ್ಮ ಆ ವಾರದಲ್ಲಿ ನಕ್ಕಿದ್ದು ಅದೊಂದೇ ಸಲ.

ಬಾಣಲೆಯ ನೀರು ಗೂಡಿನ ಅಂಟನ್ನೆಲ್ಲ ಕುಡಿದಿರುತ್ತದೆ. ಹುಟ್ಟಿದಾಗಿನಿಂದ ಅದರಲ್ಲಿ ಕೈಯಾಡಿಸಿದ ನಮಗೆ ಅದು ತಿಳಿಯದ್ದಲ್ಲ. ಎಳೆಗೆ ಎಳೆ ಅಂಟುವುದೇ ಅದರಿಂದ. ಬೂಟು ಮುಳುಗಿಸುವಾಗ ಮಾತ್ರ ಒಬ್ಬರಿಗೂ ಅದು ನೆನಪಿಗೆ ಬರಲಿಲ್ಲ. ಶನಿವಾರ ಬಿಸಿಲಿಗೆ ಇಟ್ಟೆವು. ಭಾನುವಾರ ಬೆಳಿಗ್ಗೆ ಅದನ್ನು ಬೆರಳಿನಿಂದ ತಟ್ಟಿದರೆ ಕೊಬ್ಬರಿ ಚಿಪ್ಪಿನ ಸದ್ದು ಬಂತು. ಅಣ್ಣ ಚಿಕ್ಕಬಳ್ಳಾಪುರದ ಮೈದಾನದ ಅಂಚಿನಲ್ಲಿ ಕೂತು, ಒಂದು ಬಿಂದಿಗೆ ನೀರು ಸುರಿದು, ಇಬ್ಬರಿಂದ ಹಿಡಿಸಿಕೊಂಡು ಕಾಲು ತುರುಕಿದ. ಹತ್ತು ನಿಮಿಷ ಚೆನ್ನಾಗಿಯೇ ಆಡಿದ. ಬೂಟು ಒಣಗುತ್ತಾ ಬಂತು. ಆಮೇಲೆ ಅವನು ಓಡುತ್ತಿದ್ದದ್ದು ನನಗೆ ಈಗಲೂ ಕಾಣುತ್ತದೆ, ಬೆಂಕಿಯ ಮೇಲೆ ಕಾಲಿಡುವವನ ಹಾಗೆ ತುದಿಯಲ್ಲಿ, ಪಕ್ಕದಲ್ಲಿ, ಎಲ್ಲಿ ಊರಬೇಕೆಂದು ತಿಳಿಯದೆ. ಚೆಂಡು ಅವನ ಕಾಲಿಗೆ ತಾಗಿ ಎತ್ತಲೋ ಹೋಗುತ್ತಿತ್ತು. ಆ ಊರಿನ ಹುಡುಗರು ಗೆರೆಯ ಪಕ್ಕ ನಿಂತು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. "ಎತ್ತಿಗೆ ಇವತ್ತೇ ಲಾಳ ಹೊಡ್ಸಿ ಕರ್ಕೊಂಡ್ ಬಂದವ್ರೆ ಕಣೋ." "ಶಿಡ್ಲಘಟ್ಟದ ಎತ್ತು, ಹುಳ ತಿಂದು ಬೆಳ್ದಿರೋದು." ನಾನೂ ಅವರ ಮಧ್ಯೆ ನಿಂತಿದ್ದೆ. ಅವರೆಲ್ಲ ನಕ್ಕಾಗ, ನಾನು ಯಾರೆಂದು ಗೊತ್ತಾಗಬಾರದೆಂದು, ನಾನೂ ನಕ್ಕೆ.

ಎರಡನೆಯ ಅರ್ಧದಲ್ಲಿ ಅಣ್ಣ ಬೂಟು ಕಿತ್ತು ಹಾಕಿದ. ಹಿಮ್ಮಡಿಯ ಚರ್ಮ ಅದರ ಜೊತೆಗೇ ಬಂತು. ಕೆಂಪು ಬಟ್ಟೆಯಾದ್ದರಿಂದ ರಕ್ತ ಮೊದಲು ಕಾಣಲಿಲ್ಲ. ಬರಿಗಾಲಿನಲ್ಲಿ ಮೈದಾನಕ್ಕೆ ಇಳಿದು, ಮಧ್ಯದಿಂದ ಚೆಂಡು ಹಿಡಿದು, ನಾಲ್ಕು ಜನರನ್ನು ದಾಟಿ ಗೋಲು ಹೊಡೆದ. ಅಂಥ ಗೋಲನ್ನು ನಾನು ಮತ್ತೆ ಎಲ್ಲಿಯೂ ನೋಡಲಿಲ್ಲ. ಲಾಳದ ಮಾತಾಡಿದವರೇ ಚಪ್ಪಾಳೆ ತಟ್ಟಿದರು. ಗಿರಣಿಯ ಮನುಷ್ಯ ಆ ಹೊತ್ತಿಗೆ ತನ್ನ ಪುಸ್ತಕ ಮುಚ್ಚಿ ಪೆನ್ನಿಗೆ ಕ್ಯಾಪು ಹಾಕಿ ಆಗಿತ್ತು. ಪಂದ್ಯ ಮುಗಿದ ಮೇಲೆ ಮೇಷ್ಟ್ರು ಕೈ ಮುಗಿದು ಕೇಳಿದರು. ಅವನು ಅಣ್ಣನ ಭುಜ ತಟ್ಟಿ, "ಆಟ ಐತಪ್ಪ ನಿನ್ನ ಹತ್ರ. ಬೂಟಲ್ಲಿ ಓಡಕ್ ಬರಲ್ಲ. ಬರಿಗಾಲಲ್ಲಿ ನಾವು ಬಿಡಲ್ಲ" ಎಂದು ಹೇಳಿ, ಪೆರೇಸಂದ್ರದ ಕಡೆಯಿಂದ ಬಂದಿದ್ದ ಒಬ್ಬ ಸಾಧಾರಣ ಆಟಗಾರನ ಹೆಸರು ಬರೆದುಕೊಂಡದ್ದನ್ನು ಮೇಷ್ಟ್ರಿಗೆ ತೋರಿಸಿದ.

ಮನೆಗೆ ಬಂದಾಗ ಅಪ್ಪ ಅಣ್ಣನ ಕಾಲು ನೋಡಿದ, ಆಮೇಲೆ ಒಂದು ಬಾಣಲೆಯ ಮುಂದೆ ಮಣೆ ಸರಿಸಿ ಇಟ್ಟ. ಸೋಮವಾರದಿಂದ ಅಣ್ಣ ಅಲ್ಲಿ ಕೂತ. ನಲವತ್ತೊಂದು ವರ್ಷ ಕೂತ. ಅವನು ಬಿಚ್ಚಿದ ನೂಲಿನಲ್ಲಿ ನಾನು ಓದಿದೆ, ಚಿಂತಾಮಣಿಯಲ್ಲಿ ಗುಮಾಸ್ತನಾದೆ, ಮದುವೆಯಾದೆ. ಮುಂದಿನ ವರ್ಷ ಬೂಟು ನನಗೇ ಬಂತು. ಅಣ್ಣನೇ ತಿಂಗಳುಗಟ್ಟಲೆ ಹರಳೆಣ್ಣೆ ತಿಕ್ಕಿ, ಅಂಟನ್ನು ಚಾಕುವಿನಿಂದ ಕೆರೆದು, ಅದನ್ನು ಮೆತ್ತಗೆ ಮಾಡಿದ್ದ. ಮೊದಲ ದಿನ ಬೆಂದ ಬೆರಳುಗಳಿಂದ ಅದರ ದಾರವನ್ನು ನನ್ನ ಕಾಲಿಗೆ ಸುತ್ತಿ ಕಟ್ಟಿದವನೂ ಅವನೇ. "ಸರ್ಯಾಗೈತೇನೋ ಸೀನ?" ಎಂದು ಕೇಳಿದ. ಸರಿಯಾಗಿತ್ತು. ಹೇಳಿ ಮಾಡಿಸಿದ ಹಾಗಿತ್ತು. ನನಗೆ ಆಟ ಬರುತ್ತಿರಲಿಲ್ಲ. ಎರಡು ವರ್ಷ ತಂಡದ ಹೊರಗೆ ಕೂತು, ಆಮೇಲೆ ಬಿಟ್ಟೆ.

ಅಮ್ಮ ಆ ದಿನದಿಂದ ಅಳೆಯುವುದನ್ನು ಬಿಟ್ಟಳು. ಅಕ್ಕಿಯನ್ನು ಅಜ್ಜಿ ಅಳೆದು ಹಾಕಬೇಕಾಯಿತು. ರವಿಕೆ ಬಟ್ಟೆಗೆ ಗೇಣು ಹಾಕಬೇಕಾದರೆ ಪಕ್ಕದ ಮನೆಯವರನ್ನು ಕರೆಯುತ್ತಿದ್ದಳು. ಮೊಮ್ಮಕ್ಕಳಿಗೆ ಚಪ್ಪಲಿ ತರಲು ಕಾಲು ಅಳೆದು ಕೊಡಮ್ಮ ಎಂದರೆ, "ನನ್ನ ಕೈ ಅಳತೆ ಸುಳ್ಳು ಕಣಪ್ಪ, ಒಂದು ಮಗೂನ ಕೆಡಿಸಿದೀನಿ, ಸಾಕು" ಎನ್ನುತ್ತಿದ್ದಳು. ಇದನ್ನು ಅವಳು ನನಗೆ ಹೇಳಿದ್ದು ಎಷ್ಟು ಸಲವೋ. ಒಂದೊಂದು ಸಲವೂ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅವಳು ನನ್ನನ್ನು ಒಳ್ಳೆಯ ಮಗ ಎಂದು ನಂಬಿದ್ದಳು, ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಅವಳು ಹೋದ ಮೇಲೆ ಅಣ್ಣನಿಗಾದರೂ ಹೇಳೋಣವೆಂದು ಶಿಡ್ಲಘಟ್ಟಕ್ಕೆ ಎರಡು ಸಲ ಹೋದೆ. ಅವನು ಉಪ್ಪಿಟ್ಟು ಮಾಡಿಸಿ, ನನ್ನ ಮಕ್ಕಳ ಸಮಾಚಾರ ಕೇಳಿ, ಬಸ್ ಸ್ಟ್ಯಾಂಡಿನವರೆಗೆ ಕುಂಟುತ್ತಾ ಬಂದು ಕಳುಹಿಸಿಕೊಟ್ಟ. ಮೂರನೆಯ ಸಲ ಹೋದದ್ದು ಅವನ ಮಣ್ಣಿಗೆ.

ಅದಾಗಿ ಈಗ ಮೂರು ತಿಂಗಳು. ಹಳೆಯ ಮನೆಯ ಚಪ್ಪರ, ಒಲೆಗಳು, ಪಡಸಾಲೆ ಎಲ್ಲ ಅವನಿದ್ದಾಗಲೇ ಹೋದವು, ಆ ಜಾಗದಲ್ಲಿ ಯಾರದೋ ಗೋದಾಮು ಎದ್ದಿದೆ. ಮನೆ ಹೋದದ್ದಕ್ಕೆ ನನಗೆ ಅಷ್ಟು ದುಃಖವಿಲ್ಲ. ನಿಮ್ಮಲ್ಲಿಯೂ ಎಷ್ಟೋ ಜನರ ಮನೆ ಹೀಗೆಯೇ ಹೋಗಿರುತ್ತದೆ. ನಾನು ಮಾಡಿದ್ದನ್ನು ಈಗ ಇಲ್ಲಿ ಬರೆದಿದ್ದೇನೆ. ಇದನ್ನು ಕೇಳಿ ನನ್ನನ್ನು ಬೈಯುವ ಹಕ್ಕಿದ್ದವರು ಇಬ್ಬರೇ ಇದ್ದರು. ಅವರಿಬ್ಬರೂ ಇಲ್ಲ.