ಗ್ರಾಹಕರು ಉತ್ತರಿಸಲಿಲ್ಲ

ಲಚ್ಯಾಣ ದಾಟಿ ಒಂದೂವರೆ ಮೈಲಿ ಒಳಗೆ ನಡೆದರೆ ಲಿಂಬೆ ತೋಟದ ನಡುವೆ ಒಂದೇ ಒಂದು ಮನೆಯ ವಸ್ತಿ ಸಿಗುತ್ತದೆ. ಭಾಗ್ಯಜ್ಯೋತಿ ಮದುವೆಯಾಗಿ ಬಂದದ್ದು ಆ ಮನೆಗೆ. ಮೇ ತಿಂಗಳ ಕೊನೆಯ ಆ ಬೆಳಗ್ಗೆ ಮನೆಯಲ್ಲಿ ಅವಳೊಬ್ಬಳೇ ಇದ್ದಳು. ಅತ್ತೆ ಶೆಟ್ಟೆವ್ವ ಬಸವನ ಬಾಗೇವಾಡಿಯ ಮಗಳ ಮನೆಗೆ ಹೋಗಿ ನಾಲ್ಕು ದಿನವಾಗಿತ್ತು. ಗಂಡ ಸಿದ್ದಾರೂಢ ನಸುಕಿನಲ್ಲೇ ಲಿಂಬೆಹಣ್ಣಿನ ಚೀಲಗಳನ್ನು ಟಂಟಂ ಗಾಡಿಗೆ ಹೇರಿಕೊಂಡು ಇಂಡಿ ಪಟ್ಟಣದ ಮಾರುಕಟ್ಟೆಗೆ ಹೊರಟುಹೋಗಿದ್ದ.

ಎಮ್ಮೆ ಹಿಂಡಿ, ಹಾಲಿನ ಚರಿಗೆ ಒಳಗಿಟ್ಟು, ರಾತ್ರಿಯ ಗಾಳಿಮಳೆಗೆ ಎಷ್ಟು ಕಾಯಿ ಉದುರಿವೆ ನೋಡೋಣವೆಂದು ಭಾಗ್ಯಜ್ಯೋತಿ ದಾರಿಗೆ ಬಂದಳು. ಹಳ್ಳದ ತಿರುವಿನ ಹತ್ತಿರ ಕರೆಂಟಿನ ಕಂಬ ಪೂರಾ ವಾಲಿತ್ತು. ತಂತಿಯೊಂದು ಹರಿದು ದಾರಿಗೆ ಅಡ್ಡ ಬಿದ್ದಿತ್ತು. ಅದರ ಒಂದು ತುದಿ ನೀರು ನಿಂತ ತಗ್ಗಿನಲ್ಲಿ, ನಡುಭಾಗ ಪಕ್ಕದವರ ಮುಳ್ಳುತಂತಿ ಬೇಲಿಯ ಮೇಲೆ. ತಗ್ಗಿನ ಅಂಚಿಗೆ ಮುಂಗುಸಿಯೊಂದು ನಾಲ್ಕೂ ಕಾಲು ಚಾಚಿ ಸತ್ತಿತ್ತು. ಗಂಡನ ಟಂಟಂ ಗಾಲಿಯ ಗುರುತು ಆ ತಂತಿಯ ಅಡಿಯಿಂದಲೇ ಹಾದು ಆಚೆ ಹೋಗಿತ್ತು. ಅಂದರೆ ಅವನು ದಾಟಿದ ಮೇಲೆ ಬಿದ್ದದ್ದು.

ತಂತಿಯಲ್ಲಿ ಕರೆಂಟು ಇದೆಯೋ ಇಲ್ಲವೋ ಅವಳಿಗೆ ತಿಳಿಯುವ ಹಾಗಿರಲಿಲ್ಲ. ಕಿವಿ ಇದ್ದವರಿಗೆ ಒಮ್ಮೊಮ್ಮೆ ಜುಂಯ್ ಎಂದು ಕೇಳುತ್ತದಂತೆ. ಹಾಗೆಂದು ಗಂಡ ಒಮ್ಮೆ ಕಿವಿಯ ಹತ್ತಿರ ಬೆರಳು ನಡುಗಿಸಿ ತೋರಿಸಿದ್ದ. ಅವಳಿಗೆ ಹುಟ್ಟಿನಿಂದಲೂ ಯಾವ ಸದ್ದೂ ಇಲ್ಲ. ಪಂಪಿನ ಲೈನಿಗೆ ಕರೆಂಟು ಒಂದು ವಾರ ಹಗಲು ಬಂದರೆ ಇನ್ನೊಂದು ವಾರ ರಾತ್ರಿ. ಯಾವ ಹೊತ್ತಿಗೆ ಬಂದು ಯಾವ ಹೊತ್ತಿಗೆ ಹೋಗುತ್ತದೆ ಎಂದು ಹೇಳುವವರಿಲ್ಲ. ಎಡಕ್ಕೆ ಹಳ್ಳ ತುಂಬಿ ಹರಿಯುತ್ತಿತ್ತು, ಬಲಕ್ಕೆ ಆ ಕಬ್ಬಿಣದ ಬೇಲಿ. ಸುತ್ತು ಹಾಕಿ ಆಚೆ ಹೋಗಲು ದಾರಿಯಿರಲಿಲ್ಲ. ಏಳೂವರೆಗೆ ಇಂದುಬಾಯಿ ತನ್ನ ಹೆಣ್ಣಾಳುಗಳನ್ನು ಕರೆದುಕೊಂಡು ಹಣ್ಣು ಬಿಡಿಸಲು ಬರುವವಳಿದ್ದಳು, ಇದೇ ದಾರಿಯಲ್ಲಿ. ಆಗ ಆರೂಮುಕ್ಕಾಲು.

ಗಂಡನಿಗೆ ಮೊಬೈಲಿನಲ್ಲಿ ತಂತಿಯ ಫೋಟೋ ಕಳಿಸಿದಳು. ಹೋಗಿ ಮುಟ್ಟಿದ ಗುರುತು ಬೀಳಲಿಲ್ಲ. ಇಂದುಬಾಯಿಯ ನಂಬರು ಇವಳ ಬಳಿ ಇರಲಿಲ್ಲ. ಮನೆಗೆ ಬಂದು ಬಿಲ್ಲು ತೆಗೆದಳು, ಕರೆಂಟಿನವರ ದೂರಿನ ನಂಬರು ಅದರ ಮೇಲಿತ್ತು. ಅದನ್ನು ಮೊಬೈಲಿಗೆ ಹಾಕಿಕೊಂಡಳು.

ಕೌಂಟರು, ಕಿಟಕಿ, ಫೋನು ಅಂದರೆ ಅವಳಿಗೆ ಮೊದಲಿನಿಂದಲೂ ಅಂಜಿಕೆ. ಯಂಕಂಚಿಯ ಒಕ್ಕಲು ಮನೆತನದಲ್ಲಿ ಹುಟ್ಟಿ, ಕಿವುಡ ಮಕ್ಕಳ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಓದಿದವಳು. ಅಕ್ಷರ ದುಂಡಗೆ ಬರೆಯುತ್ತಿದ್ದಳು. ಆದರೆ ಬ್ಯಾಂಕಿನಲ್ಲಿ ಚೀಟಿ ಬರೆದು ಕೊಟ್ಟರೆ ಗುಮಾಸ್ತ ಅದನ್ನು ಓದದೆ, ಬಾಯಿಯ ಮುಂದೆ ಬೆರಳು ಆಡಿಸಿ, ಮಾತಾಡುವವರನ್ನು ಕರೆದುಕೊಂಡು ಬಾ ಎಂದು ತೋರಿಸುತ್ತಿದ್ದ. ಎಂಟು ವರ್ಷದ ಹಿಂದೆ ಐದು ತಿಂಗಳ ಬಸುರಿಯಾಗಿದ್ದಾಗ ಹೊಟ್ಟೆನೋವೆಂದು ತಾಯಿಯ ಜೊತೆ ಒಂದು ಆಸ್ಪತ್ರೆಗೆ ಹೋಗಿದ್ದಳು. ತಾಯಿ ನೀರು ತರಲು ಹೊರಗೆ ಹೋದಾಗ ಒಳಗಿನಿಂದ ಇವಳ ಹೆಸರು ನಾಲ್ಕು ಸಲ ಕೂಗಿದರಂತೆ. ಎದ್ದು ಬರಲಿಲ್ಲವೆಂದು ಚೀಟಿಯನ್ನು ಎಲ್ಲರದಕ್ಕಿಂತ ಕೆಳಗೆ ಹಾಕಿದರು. ಬೆಂಚಿನ ಮೇಲೆ ಹೊಟ್ಟೆ ಹಿಡಿದುಕೊಂಡು ಅವಳು ಮೂರು ತಾಸು ಕೂತಳು. ಕೂಸು ಉಳಿಯಲಿಲ್ಲ. ಬೇಗ ಒಳಗೆ ಕರೆದಿದ್ದರೆ ಉಳಿಯುತ್ತಿತ್ತೋ ಏನೋ, ಅದನ್ನು ಯಾರೂ ಅವಳಿಗೆ ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಅಲ್ಲಿಂದೀಚೆಗೆ ಯಾವ ಕಿಟಕಿಯ ಮುಂದೆ ನಿಂತರೂ, ಈಗ ಕರೆಯುತ್ತಿರಬಹುದು, ನನಗೆ ಗೊತ್ತಾಗುತ್ತಿಲ್ಲ ಎಂದು ಎದೆ ಹೊಡೆದುಕೊಳ್ಳುತ್ತದೆ.

ಆದರೂ ನೀರಿನ ಟಾಕಿಯ ಮೇಲೆ ಹತ್ತಿದಳು. ಆ ವಸ್ತಿಯಲ್ಲಿ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಫೋಟೋ ಈಗ ಹೋಯಿತು, ಆದರೆ ಗಂಡ ನೋಡಿದ ಗುರುತಿಲ್ಲ. ನಂಬರು ಒತ್ತಿ ಪರದೆಯ ಮೇಲೆ ಕಣ್ಣಿಟ್ಟಳು. ಸೆಕೆಂಡುಗಳು ಓಡತೊಡಗಿದವು. ಎತ್ತಿದ್ದು ಮನುಷ್ಯರೋ ಮಷಿನೋ, ಕನ್ನಡಕ್ಕಾಗಿ ಒಂದನ್ನು ಒತ್ತಿ ಎನ್ನುತ್ತಿದೆಯೋ, ಬರೀ ಹಾಡು ಹಾಕಿದ್ದಾರೋ, ಯಾವುದೂ ಅವಳಿಗೆ ತಿಳಿಯದು. ಅಂದಾಜಿಗೆ ಒಂದನ್ನು ಒತ್ತಿದಳು. ಸ್ವಲ್ಪ ಬಿಟ್ಟು, ಶಾಲೆಯಲ್ಲಿ ಮಾಸ್ತರರು ಗಂಟಲ ಮೇಲೆ ಕೈ ಇಡಿಸಿ ಕಲಿಸಿದ್ದ ಹಾಗೆ, ತಂತಿ, ತಂತಿ ಎಂದಳು. ತನ್ನ ದನಿ ಹೇಗಿರುತ್ತದೆಂದು ಅವಳಿಗೆ ಗೊತ್ತಿಲ್ಲ. ಅದನ್ನು ಕೇಳಿದವರ ಮುಖ ಹೇಗಾಗುತ್ತದೆಂದು ಗೊತ್ತಿತ್ತು. ಅದಕ್ಕೇ ಹನ್ನೆರಡು ವರ್ಷದಿಂದ ಪರರ ಮುಂದೆ ಬಾಯಿ ತೆರೆದಿರಲಿಲ್ಲ. ಐವತ್ತೊಂದನೆಯ ಸೆಕೆಂಡಿಗೆ ಫೋನು ಕಟ್ಟಾಯಿತು. ಮತ್ತೆ ಮಾಡಿದಳು. ಮೂವತ್ತಾರಕ್ಕೆ ಕಟ್ಟಾಯಿತು. ಮೂರನೆಯ ಸಲ, ಅವಳು ದನಿ ತೆಗೆದ ಕೂಡಲೇ ಇಟ್ಟುಬಿಟ್ಟರು.

ಆಗ ನೆನಪಾದದ್ದು ರಾಜಬಿ. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತ ಗೆಳತಿ, ಅವಳೂ ಕಿವುಡಿ. ಸಿಂದಗಿಯಲ್ಲಿ ಹೊಲಿಗೆ ಮಷಿನಿಟ್ಟುಕೊಂಡು ತಾಯಿಯ ಜೊತೆ ಇದ್ದಳು. ತಾಯಿಗೆ ಕಿವಿಯೂ ಇತ್ತು, ಸನ್ನೆಯೂ ಬರುತ್ತಿತ್ತು. ವಿಡಿಯೋ ಕಾಲಿನಲ್ಲಿ ಭಾಗ್ಯಜ್ಯೋತಿ ಒಂದೇ ಕೈಯಲ್ಲಿ ಕಂಬ, ಹರಿದ ತಂತಿ, ನೀರು, ಬರುವ ಹೆಂಗಸರು ಎಲ್ಲವನ್ನೂ ಹೇಳಿದಳು. ರಾಜಬಿ ತಾಯಿಯನ್ನು ಎಬ್ಬಿಸಿ ತಂದಳು. ತಾಯಿ ಇನ್ನೊಂದು ಫೋನಿನಲ್ಲಿ ದೂರಿನ ನಂಬರಿಗೆ ಮಾತಾಡುವುದನ್ನು ಇವಳು ಪರದೆಯಲ್ಲಿ ನೋಡುತ್ತಿದ್ದಳು. ಆ ಮುದುಕಿಯ ಹುಬ್ಬು ಒಮ್ಮೊಮ್ಮೆ ಗಂಟಿಕ್ಕುತ್ತಿತ್ತು. ಬಿಲ್ಲಿನ ನಂಬರು ಬೇಕಂತೆ. ಟಾಕಿ ಇಳಿದು ಓಡಿ, ಬಿಲ್ಲು ತಂದು ಕ್ಯಾಮೆರಾಕ್ಕೆ ಹಿಡಿದಳು. ದೂರು ಕೊಡುವವರು ತಾವೇ ಮಾತಾಡಬೇಕಂತೆ. ಮಾತು ಬರುವುದಿಲ್ಲ, ಕಿವಿ ಕೇಳುವುದಿಲ್ಲ ಎಂದು ರಾಜಬಿಯ ತಾಯಿ ಎರಡು ಸಲ ಹೇಳಿದಳು. ಕಡೆಗೆ ದೂರು ಬರೆದುಕೊಂಡರು. ಮುದುಕಿ ನಕ್ಕು ಹೆಬ್ಬೆರಳು ತೋರಿಸಿದಳು. ಭಾಗ್ಯಜ್ಯೋತಿ ಟಾಕಿಯ ಮೇಲೇ ಕೂತು ದಾರಿ ಕಾಯತೊಡಗಿದಳು.

ಐದು ನಿಮಿಷವಾಗಿರಬೇಕು, ಕೈಯಲ್ಲಿದ್ದ ಫೋನು ನಡುಗಿತು. ಗೊತ್ತಿಲ್ಲದ ನಂಬರು. ದೂರು ಖಾತ್ರಿ ಮಾಡಿಕೊಳ್ಳಲು ಬಿಲ್ಲಿನಲ್ಲಿದ್ದ ಮೊಬೈಲ್ ನಂಬರಿಗೇ ಕರೆ ಮಾಡಿದ್ದರು. ಆ ನಂಬರು ಅವಳದು. ಎತ್ತಿದಳು, ಹೌದು ಎಂದಳು, ತಂತಿ ಎಂದಳು, ಲಚ್ಯಾಣ ಎನ್ನಲು ನೋಡಿದಳು. ನಾಲಿಗೆ ಎತ್ತೆತ್ತಲೋ ಹೊರಳಿತು. ಫೋನು ಕಟ್ಟಾಗಿ ಒಂದು ಮೆಸೇಜು ಬಂತು: ‘ಗ್ರಾಹಕರು ಉತ್ತರಿಸಲಿಲ್ಲ. ತಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ.’

ಅದನ್ನು ರಾಜಬಿಗೆ ಕಳಿಸಿ ತಲೆ ಎತ್ತಿದರೆ, ದೂರದ ಬೇವಿನ ಮರದ ಹತ್ತಿರ ಸೀರೆಗಳ ಬಣ್ಣ ಕಂಡಿತು. ಇಂದುಬಾಯಿ ಮುಂದೆ, ಹಿಂದೆ ಐದಾರು ಮಂದಿ, ತಲೆಯ ಮೇಲೆ ಬುಟ್ಟಿ.

ಟಾಕಿಯಿಂದ ಹಾರಿ ಓಡಿದಳು. ತಂತಿಗೆ ಇಪ್ಪತ್ತು ಹೆಜ್ಜೆ ಈಚೆ ನಿಂತು ಎರಡೂ ಕೈ ಮೇಲೆತ್ತಿ ಬೀಸಿದಳು, ಬರಬೇಡಿ ಎಂದು. ಅವರಿಗೆ ಅದು ಬೇಗ ಬರ್ರಿ ಎಂದು ಕಂಡಿತು. ಕಾಲು ಬೀಸಾಗಿ ಹಾಕತೊಡಗಿದರು. ಅವಳು ಇದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದಳು. ಆ ಕೂಗು ಕೇಳಿ ಇಂದುಬಾಯಿ ಬುಟ್ಟಿಯನ್ನು ನೆಲಕ್ಕೆ ಚೆಲ್ಲಿ, ಸೀರೆ ಎತ್ತಿ ಕಟ್ಟಿ, ಓಡಿಯೇ ಬಂದಳು. ಅವಳ ಬಾಯಿ ಆಡುವುದು ಕಾಣುತ್ತಿತ್ತು: ಏನಾತ, ಏನಾತವ್ವ. ಕೂಗಿದಷ್ಟೂ ಹತ್ತಿರ ಬರುತ್ತಿದ್ದಾಳೆ. ಭಾಗ್ಯಜ್ಯೋತಿ ಕೂಗುವುದನ್ನು ನಿಲ್ಲಿಸಿದಳು. ಇಂದುಬಾಯಿ ತಗ್ಗಿನಿಂದ ಹತ್ತು ಮಾರು ದೂರದಲ್ಲಿದ್ದಳು. ಹುಲ್ಲು ಬೆಳೆದಿತ್ತು, ಅತ್ತ ಕಡೆಯಿಂದ ತಂತಿ ಕಾಣುವಂತಿರಲಿಲ್ಲ.

ಆಗ ಅವಳು ಬಗ್ಗಿ ಕಲ್ಲು ತೆಗೆದುಕೊಂಡಳು. ಮೊದಲನೆಯದು ಇಂದುಬಾಯಿಯ ಕಾಲ ಬುಡಕ್ಕೆ ಬಿತ್ತು. ಎರಡನೆಯದು ತೋಳಿಗೆ ತಾಗಿತು. ಇಂದುಬಾಯಿ ಗಕ್ಕನೆ ನಿಂತಳು. ಹಿಂದಿನವರೂ ನಿಂತರು. ಮೂರನೆಯ ಕಲ್ಲು, ನಾಲ್ಕನೆಯ ಕಲ್ಲು. ಎಸೆಯುತ್ತಲೇ ಇದ್ದಳು. ಇವಳಿಗೆ ಹುಚ್ಚು ಹಿಡಿದಿದೆ ಎಂದುಕೊಂಡರಂತೆ ಅವರು. ಕಡೆಗೆ ಅವರಲ್ಲೊಬ್ಬಳು, ಯಲ್ಲವ್ವ ಎಂಬಾಕೆ, ಬೇಲಿಯ ಮೇಲೆ ಜೋತಿದ್ದ ತಂತಿಯ ಕಡೆ ಬೆರಳು ಮಾಡಿ ಇಂದುಬಾಯಿಯ ಸೆರಗು ಹಿಡಿದು ಹಿಂದಕ್ಕೆ ಜಗ್ಗಿದಳು. ಎಲ್ಲರೂ ಹಿಂದೆ ಸರಿದರು.

ಇಂದುಬಾಯಿಯ ಫೋನಿನಲ್ಲಿ ಲೈನ್‌ಮನ್ ಅಮೋಘಸಿದ್ಧನ ನಂಬರು ಇತ್ತು. ಅವಳು ಸಿಗ್ನಲ್ ಸಿಗುವ ಬೇವಿನ ಮರದ ತನಕ ಹಿಂದೆ ಹೋಗಿ, ಕಿವಿಗೆ ಫೋನಿಟ್ಟುಕೊಂಡು ನಾಲ್ಕು ಮಾತು ಆಡಿದಳು, ಅಷ್ಟೇ. ಇಪ್ಪತ್ತು ನಿಮಿಷಕ್ಕೆ ಅಮೋಘಸಿದ್ಧ ಗಾಡಿಯ ಮೇಲೆ ಬಂದ. ಲೈನು ಬಂದ್ ಮಾಡಿಸಿಯೇ ಹೊರಟಿದ್ದ. ತಂತಿಯನ್ನು ಬದಿಗೆ ಸರಿಸಿ, ಸತ್ತ ಮುಂಗುಸಿಯನ್ನು ನೋಡಿ, ಇಂದುಬಾಯಿಗೆ ಹೇಳಿದ:

"ಐದಕ್ಕ ಕರೆಂಟ್ ಬಿಟ್ಟಾರ. ಇಷ್ಟೊತ್ತನಾ ತಂತ್ಯಾಗ ಜೀವ ಇತ್ತು. ಆ ಹಸಿ ನೆಲಕ್ಕ ಕಾಲಿಟ್ಟಿದ್ರ ಮುಗೀತಿತ್ತು."

ಇಂದುಬಾಯಿ ಈಚೆ ಬಂದಳು. ಅವಳ ತೋಳು ಬಾತಿತ್ತು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಹಣೆಗೆ ಬಿದ್ದಿದ್ದರೆ ಎಂದು ತನ್ನ ಹಣೆ ಬಡಿದು ತೋರಿಸಿ ಬೈದಳು. ಬೈಯುತ್ತಲೇ ಭಾಗ್ಯಜ್ಯೋತಿಯ ಮುಷ್ಟಿ ಬಿಡಿಸಿ, ಇನ್ನೂ ಹಿಡಿದುಕೊಂಡೇ ಇದ್ದ ಕಲ್ಲನ್ನು ತೆಗೆದು ಎಸೆದಳು. ಅವಳ ಕೈಯೂ ತಣ್ಣಗಿತ್ತು. ಇಬ್ಬರೂ ಮನೆಯ ಕಟ್ಟೆಯ ಮೇಲೆ ಬಂದು ಕೂತರು. ಆ ದಿನ ಹಣ್ಣು ಬಿಡಿಸಲು ಯಾರಿಗೂ ಮನಸ್ಸಾಗಲಿಲ್ಲ.

ಮಾರನೆಯ ದಿನ ಗಂಡ ಹೆಂಡತಿ ಇಂಡಿಯ ಕರೆಂಟಿನ ಕಚೇರಿಗೆ ಹೋದರು. ಮಾತು ಬಾರದವರಿಗೆ ಬರೆದು ದೂರು ಕೊಡುವ ನಂಬರು ಬೇಕೆಂದು ಅವಳೇ ಅರ್ಜಿ ಬರೆದಿದ್ದಳು. ಕಿಟಕಿಯ ಒಳಗಿನ ಸಾಹೇಬರು ಅರ್ಜಿ ಹಿಡಿದುಕೊಂಡು ಮಾತೆಲ್ಲ ಸಿದ್ದಾರೂಢನ ಜೊತೆಗೇ ಆಡಿದರು, ಮೇಲಕ್ಕೆ ಕಳಿಸುತ್ತೇವೆ ಎಂದರು. ಭಾಗ್ಯಜ್ಯೋತಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ಆದರೂ ಗಾಜನ್ನು ಬೆರಳಿನಿಂದ ತಟ್ಟಿದಳು. ಅವರು ತಿರುಗಿ ನೋಡಿದಾಗ ಆ ಮೆಸೇಜು ತೆರೆದು ಗಾಜಿಗೆ ಒತ್ತಿ ಹಿಡಿದಳು, ಆಮೇಲೆ ತಂತಿಯ ಫೋಟೋ. ಸಾಹೇಬರು ಓದಿದರು, ವೇಳೆ ನೋಡಿದರು, ಕನ್ನಡಕ ತೆಗೆದು ಮತ್ತೊಮ್ಮೆ ಓದಿದರು.

"ಇದಕ್ಕ ಉತ್ತರ ಹೆಂಗ ಕೊಡಬೇಕಿತ್ತು ಈಕಿ?" ಎಂದು ಸಿದ್ದಾರೂಢ ಕೇಳಿದ.

ಸಾಹೇಬರು ದಾಖಲೆಯಲ್ಲಿ ಅವಳ ಮೀಟರ್ ನಂಬರಿನ ಮುಂದೆ, ಕರೆ ಮಾಡಬಾರದು, ಬರೆದು ಕೇಳಬೇಕು ಎಂದು ಬರೆಸಿದರು. ಅಮೋಘಸಿದ್ಧ ತನ್ನ ಸ್ವಂತ ನಂಬರು ಕೊಟ್ಟ. ಅರ್ಜಿಗೆ ಮೇಲಿನಿಂದ ಉತ್ತರ ಇನ್ನೂ ಬಂದಿಲ್ಲ.

ಮಳೆಗಾಲ ಹಿಡಿದ ಮೇಲೆ ಗಾಳಿ ಎದ್ದ ದಿನ ಭಾಗ್ಯಜ್ಯೋತಿಗೆ ನಿದ್ದೆ ಬರುವುದಿಲ್ಲ. ಬೆಳಕು ಹರಿದ ಕೂಡಲೇ ಹಳ್ಳದ ತಿರುವಿನವರೆಗೆ ಒಂದೊಂದೇ ಕಂಬ ನೋಡುತ್ತ ಹೋಗುತ್ತಾಳೆ. ಇಂದುಬಾಯಿಯ ಹೆಂಗಸರು ಈಗ ಬೇವಿನ ಮರದ ಹತ್ತಿರವೇ ನಿಲ್ಲುತ್ತಾರೆ. ಎದೆಯ ಮುಂದೆ ಕೈ ಅಡ್ಡ ಕಟ್ಟಿದರೆ ಬರಬಾರದು, ಬಿಚ್ಚಿದರೆ ಬರಬಹುದು. ಇಷ್ಟು ಸನ್ನೆ ಎಲ್ಲರೂ ಕಲಿತಿದ್ದಾರೆ. ಅವಳು ಕೈ ಬಿಚ್ಚಿ ತೋರಿಸುತ್ತಾಳೆ. ಅವರು ಬರುತ್ತಾರೆ. ಕಡೆಯವಳು ತಗ್ಗು ದಾಟಿ ಈಚೆ ಬರುವವರೆಗೂ ಅವಳ ಕಣ್ಣು ಅವರ ಪಾದಗಳ ಮೇಲೇ ಇರುತ್ತದೆ.